ಓದುಗರ ಪ್ರಶ್ನೆ, ತಜ್ಞರ ಉತ್ತರ: ನೀರು ಬದಲಾದಂತೆ ಮೀನಿನ ಹುಳುವೂ ಬದಲು

ಸಿಹಿನೀರಿನ ಸ್ಥಳೀಯ ಮೀನುಗಳಲ್ಲಿ ಕಾಣುವ ಪರಾವಲಂಬಿಗಳು ಒಂದೊಂದು ಕಡೆ ಒಂದೊಂದು ಬಗೆಯಾಗಿರುವುದೇಕೆ, ಅದನ್ನು ಅಳೆಯುವುದು ಹೇಗೆ ಎಂದು ಕೇಳಿ ಬಂದ ಪ್ರಶ್ನೆಗಳಿಗೆ ಈ ಬಾರಿ ಉತ್ತರ.

ಪ್ರಶ್ನೆ: ಒಂದೇ ಜಾತಿಯ ಮೀನು. ಒಂದು ಕೆರೆಯಲ್ಲಿ ಹಿಡಿದದ್ದರ ಹೊಟ್ಟೆಯಲ್ಲಿ ಹುಳುವೋ ಹುಳು, ಗುಡ್ಡದ ಆಚೆಗಿನ ಕೆರೆಯಲ್ಲಿ ಹಿಡಿದದ್ದರಲ್ಲಿ ಹುಡುಕಿದರೂ ಒಂದಿಲ್ಲ. ಹುಳು ಇರುವ ಕೆರೆಯ ನೀರು ಕೆಟ್ಟಿದೆ ಎಂದು ಅರ್ಥವೇ?

ಹಾಗೆ ತೀರ್ಮಾನಿಸಬೇಡಿ. ಎಷ್ಟೋ ಸಲ ನಿಜ ಅದಕ್ಕೆ ತದ್ವಿರುದ್ಧವಾಗಿರುತ್ತದೆ. ಮೀನಿನೊಳಗೆ ಸಿಗುವ ಹುಳುಗಳಲ್ಲಿ ಬಹುಪಾಲು ಮೀನೊಂದನ್ನೇ ನಂಬಿ ಬದುಕುವಂಥವಲ್ಲ. ಕಣ್ಣಿನ ಮಸೂರದಲ್ಲಿ ಸೇರಿಕೊಳ್ಳುವ ಡಿಪ್ಲೊಸ್ಟೋಮಮ್ ಎಂಬ ಚಪ್ಪಟೆ ಹುಳುವನ್ನೇ ನೋಡಿ. ಅದರ ಮೊಟ್ಟೆ ಹಕ್ಕಿಯ ಹಿಕ್ಕೆಯ ಜೊತೆ ನೀರಿಗೆ ಬೀಳುತ್ತದೆ. ಮೊಟ್ಟೆಯೊಡೆದ ಮರಿ ಲಿಮ್ನಿಯಾ ಗುಂಪಿನ ಬಸವನಹುಳುವನ್ನು ಹೊಕ್ಕು, ಅದರೊಳಗೆ ಸಾವಿರಗಟ್ಟಲೆ ಸರ್ಕೇರಿಯಾಗಳಾಗಿ ಹೆಚ್ಚುತ್ತದೆ. ಕವಲು ಬಾಲದ ಆ ಮರಿಗಳು ಹೊರಬಿದ್ದು ಈಜುತ್ತ ಮೀನಿನ ಚರ್ಮವನ್ನೋ ಕಿವಿರನ್ನೋ ಕೊರೆದು ಒಳನುಗ್ಗಿ ಕಣ್ಣಿಗೆ ತಲುಪುತ್ತವೆ. ಆ ಮೀನನ್ನು ಮೀನು ತಿನ್ನುವ ಹಕ್ಕಿ ನುಂಗಿದಾಗಲಷ್ಟೇ ಹುಳು ಬಲಿತು ಮೊಟ್ಟೆಯಿಡುತ್ತದೆ. ಈ ಸರಪಳಿಯಲ್ಲಿ ಬಸವನಹುಳು ಇಲ್ಲದ ಕೆರೆಯಾದರೆ ಹಕ್ಕಿ ಎಷ್ಟು ಬಂದರೂ ಮೀನಿನ ಕಣ್ಣು ಶುಭ್ರವಾಗಿಯೇ ಇರುತ್ತದೆ. ಕಾರ್ಖಾನೆಯ ವಿಷ ಸೇರಿ ಬಸವನಹುಳುಗಳು ಸತ್ತ ಕೆರೆಯ ಮೀನಿನಲ್ಲೂ ಈ ಹುಳು ಇರುವುದಿಲ್ಲ. ಅದು ಆರೋಗ್ಯದ ಗುರುತಲ್ಲ.

ಆದರೆ ಟ್ರೈಕೊಡೈನಾದಂಥ ಏಕಕೋಶ ಜೀವಿಗಳಿಗೆ ನಡುವೆ ಬೇರೆ ಆತಿಥೇಯ (ಆಶ್ರಯ ಕೊಡುವ ಪ್ರಾಣಿ) ಬೇಕಿಲ್ಲ. ಅವು ಮೀನಿನಿಂದ ಮೀನಿಗೆ ನೇರವಾಗಿ ಹರಡುತ್ತವೆ. ಕೊಳೆತ ಪದಾರ್ಥ ತುಂಬಿದ, ಮೀನು ಕಿಕ್ಕಿರಿದ ನೀರಿನಲ್ಲಿ ಇವುಗಳದ್ದೇ ಕಾರುಬಾರು. ಹಾಗಾಗಿ 'ಹುಳು ಎಷ್ಟು' ಎನ್ನುವುದಕ್ಕಿಂತ ಮೊದಲು 'ಯಾವ ಹುಳು' ಎಂದು ಕೇಳಬೇಕು. ಅದು ಗೊತ್ತಾದ ಮೇಲೆ ಅದರ ಉಳಿದ ಆತಿಥೇಯರನ್ನು ಎರಡೂ ಕೆರೆಗಳಲ್ಲಿ ಹುಡುಕಿ. ಚಪ್ಪಟೆ ಹುಳುವಾದರೆ ದಡದ ಕಳೆಗಿಡಗಳಲ್ಲಿರುವ ಬಸವನಹುಳು, ಲಾಡಿಹುಳುವಾದರೆ ಸೈಕ್ಲಾಪ್ಸ್‌ನಂಥ ಕೋಪೆಪಾಡ್ ಎಂಬ ಅತಿ ಸಣ್ಣ ನೀರಜೀವಿ, ಮುಳ್ಳುತಲೆ ಹುಳುವಾದರೆ ಆಂಫಿಪಾಡ್‌ನಂಥ ಸಣ್ಣ ಕಠಿಣಚರ್ಮಿಗಳು (ಸಿಗಡಿ ಗುಂಪಿನ ಜೀವಿಗಳು). ಬಸವನಹುಳುಗಳನ್ನು ತಂದು, ಒಂದೊಂದನ್ನು ಒಂದೊಂದು ಸಣ್ಣ ಗಾಜಿನ ಬಟ್ಟಲಲ್ಲಿ ಅದೇ ಕೆರೆಯ ಸೋಸಿದ ನೀರಿನೊಡನೆ ಇಟ್ಟು, ದೀಪದ ಬೆಳಕಿನಲ್ಲಿ ಒಂದು ದಿನ ಬಿಡಿ. ಸೋಂಕು ಬಲಿತಿದ್ದರೆ ಸರ್ಕೇರಿಯಾಗಳು ನೀರಿಗಿಳಿಯುತ್ತವೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಧೂಳಿನಂತೆ ಅಲುಗಾಡುವುದು ಕೈಮಸೂರದಲ್ಲೇ ಕಾಣುತ್ತದೆ. ಏನೂ ಇಳಿಯದಿದ್ದರೆ ಸೋಂಕಿಲ್ಲ ಎಂದು ಬರೆಯಬೇಡಿ. ಬಲಿಯದ ಸೋಂಕು ಚಿಪ್ಪು ಒಡೆದು ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಕೆಲವು ಹುಳುಗಳು ಸರಪಳಿಯನ್ನೇ ಮೊಟಕುಗೊಳಿಸಬಲ್ಲವು ಎನ್ನುವುದನ್ನೂ ನೆನಪಿಡಿ. ನ್ಯೂಜಿಲೆಂಡಿನ ಕಾಮನ್ ಬುಲ್ಲಿ ಎಂಬ ಸ್ಥಳೀಯ ಮೀನಿನ ಕರುಳಿನಲ್ಲಿರುವ ಕೊಯ್ಟೊಸೀಕಮ್ ಪಾರ್ವಮ್ ಬಸವನಹುಳುವಿನಿಂದ ಆಂಫಿಪಾಡ್‌ಗೆ, ಅಲ್ಲಿಂದ ಮೀನಿಗೆ ಹೋಗಬೇಕು. ಆದರೆ ಮೀನು ಸಿಗುವ ತನಕ ಕಾಯದೆ ಆಂಫಿಪಾಡ್‌ನೊಳಗೇ ಬಲಿತು, ತನ್ನಲ್ಲೇ ಗರ್ಭಕಟ್ಟಿ ಮೊಟ್ಟೆಯಿಡುವುದೂ ಉಂಟು. ಇಂಥ ಹುಳು ಮೀನಿನಲ್ಲಿ ಸಿಗಲಿಲ್ಲವೆಂದರೆ ಆ ನೀರಿನಲ್ಲೇ ಇಲ್ಲ ಎಂದಲ್ಲ.

ಪ್ರಶ್ನೆ: ಪ್ರಾಣಿಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ. ಒಂದು ಜಾಗದಿಂದ 12, ಇನ್ನೊಂದರಿಂದ 40 ಮೀನು ಸಿಕ್ಕಿವೆ. ಮೊದಲನೆಯದರಲ್ಲಿ 3 ಜಾತಿಯ ಹುಳು, ಎರಡನೆಯದರಲ್ಲಿ 7. ಎರಡನೆಯ ಜಾಗದಲ್ಲಿ ವೈವಿಧ್ಯ ಹೆಚ್ಚು ಎನ್ನಬಹುದೇ?

ಇಷ್ಟರಿಂದಲೇ ಹಾಗೆ ಹೇಳಲು ಬಾರದು. ಹೆಚ್ಚು ಮೀನು ಸೀಳಿದಷ್ಟೂ ಹೆಚ್ಚು ಜಾತಿ ಸಿಗುತ್ತವೆ. ನೂರಕ್ಕೆ ಹತ್ತು ಮೀನಿನಲ್ಲಿ ಇರುವ ಹುಳು 12 ಮೀನಿನಲ್ಲಿ ಒಂದು ಸಲವಾದರೂ ಕಣ್ಣಿಗೆ ಬೀಳುವ ಸಾಧ್ಯತೆ ಶೇ 72 ಮಾತ್ರ. 30 ಮೀನಾದರೆ ಅದು ಶೇ 96ಕ್ಕೆ ಏರುತ್ತದೆ. ನೂರಕ್ಕೆ ಐದರಲ್ಲಿ ಇರುವುದನ್ನು ಶೇ 95ರಷ್ಟು ಖಾತರಿಯಿಂದ ಹಿಡಿಯಲು 59 ಮೀನು ಬೇಕು, ನೂರಕ್ಕೆ ಒಂದರಲ್ಲಿರುವುದಕ್ಕೆ 299. ಸಾಮಾನ್ಯ ಅಧ್ಯಯನಕ್ಕೆ ಜಾಗಕ್ಕೆ 30 ಎಂಬ ರೂಢಿಯ ಹಿಂದಿನ ಲೆಕ್ಕ ಇದು. 30ರಲ್ಲಿ ಒಂದೂ ಸಿಗದಿದ್ದರೆ 'ಇಲ್ಲ' ಎಂದು ಬರೆಯುವ ಬದಲು 'ಇದ್ದರೂ ಸುಮಾರು ಶೇ 10ಕ್ಕಿಂತ ಕಡಿಮೆ ಮೀನುಗಳಲ್ಲಿ' ಎಂದು ಬರೆದರೆ ಸರಿಯಾದ ಮಾತು.

ನಿಮ್ಮ ದತ್ತಾಂಶ ವ್ಯರ್ಥವಾಗಿಲ್ಲ. 40ರ ಗುಂಪಿನಿಂದ ಯಾದೃಚ್ಛಿಕವಾಗಿ 12ನ್ನು ಆರಿಸಿ ಜಾತಿ ಎಣಿಸಿ. ಹೀಗೆ ಸಾವಿರ ಸಲ ಕಂಪ್ಯೂಟರಿನಲ್ಲಿ ಮಾಡಿ ಸರಾಸರಿ ತೆಗೆಯಿರಿ. ಆ ಸರಾಸರಿ 3ರ ಆಸುಪಾಸಿನಲ್ಲಿದ್ದರೆ ನೀವು ಕಂಡದ್ದು ಜಾಗದ ವ್ಯತ್ಯಾಸವಲ್ಲ, ಮಾದರಿಯ ಗಾತ್ರದ ವ್ಯತ್ಯಾಸ.

ಸಂಖ್ಯೆಗಿಂತಲೂ ಹೆಚ್ಚು ಜನ ಎಡವುವುದು ಮೀನಿನ ಉದ್ದದಲ್ಲಿ. ಒಂದು ಜಾಗದಲ್ಲಿ ಗಾಳ, ಇನ್ನೊಂದರಲ್ಲಿ ಸಣ್ಣ ಕಣ್ಣಿನ ಬಲೆ ಬಳಸಿದರೆ ಮೊದಲನೆಯದರಲ್ಲಿ ದೊಡ್ಡ ಮೀನು, ಎರಡನೆಯದರಲ್ಲಿ ಮರಿಗಳು ಸಿಗುತ್ತವೆ. ಮಾಂಸದಲ್ಲಿ ಕೋಶಕಟ್ಟಿ ಕೂರುವ ಹುಳುಮರಿಗಳು ವರ್ಷಗಟ್ಟಲೆ ಬದುಕುವುದರಿಂದ ವಯಸ್ಸಾದಂತೆ ಕೂಡುತ್ತಲೇ ಹೋಗುತ್ತವೆ. ಆಗ ಜಾಗಗಳ ಹೆಸರಿನಲ್ಲಿ ನೀವು ಹೋಲಿಸುವುದು ವಯಸ್ಸನ್ನು. ಎರಡೂ ಕಡೆ ಒಂದೇ ಬಲೆ, ಒಂದೇ ಉದ್ದದ ಮೀನು, ಒಂದೇ ತಿಂಗಳು ಎಂಬ ಮೂರನ್ನೂ ಪಾಲಿಸಿ. ಕರುಳಿನ ಹುಳುಗಳು ನೀರಿನ ಬಿಸಿಯ ಜೊತೆ ಏರಿಳಿಯುತ್ತವೆ. ಒಂದು ಜಾಗವನ್ನು ಬೇಸಿಗೆಯಲ್ಲಿ, ಇನ್ನೊಂದನ್ನು ಚಳಿಗಾಲದಲ್ಲಿ ನೋಡಿದರೆ ಯಾವ ಸಂಖ್ಯಾಶಾಸ್ತ್ರವೂ ಅದನ್ನು ಸರಿಪಡಿಸಲಾರದು.

ಪ್ರಶ್ನೆ: ಮೀನು ಹಿಡಿದಾಗಿನಿಂದ ಹುಳು ಸೀಸೆಗೆ ಸೇರುವವರೆಗಿನ ಕೆಲಸದ ಕ್ರಮ ತಿಳಿಸಿ. ನಮ್ಮ ಎಣಿಕೆ ಒಬ್ಬರಿಂದ ಒಬ್ಬರಿಗೆ ತುಂಬ ಬೇರೆಯಾಗುತ್ತಿದೆ.

ಎಣಿಕೆ ತಪ್ಪುವುದು ಬಹುತೇಕ ಸೂಕ್ಷ್ಮದರ್ಶಕದ ಮುಂದೆ ಅಲ್ಲ, ಬಕೆಟ್ಟಿನಲ್ಲಿ. ಎಲ್ಲ ಮೀನನ್ನೂ ಒಂದೇ ಬಕೆಟ್ಟಿಗೆ ಹಾಕಿದರೆ ಗೈರೊಡ್ಯಾಕ್ಟಿಲಸ್‌ನಂಥ ಚರ್ಮದ ಹುಳುಗಳು ಒಂದರಿಂದ ಇನ್ನೊಂದಕ್ಕೆ ದಾಟಿಬಿಡುತ್ತವೆ. ರಾತ್ರಿಯಿಡೀ ತೊಟ್ಟಿಯಲ್ಲಿಟ್ಟರೆ ಮರಿಹಾಕಿ ಹೆಚ್ಚಿಯೂ ಬಿಡುತ್ತವೆ. ಆದ್ದರಿಂದ ಒಂದು ಮೀನಿಗೆ ಒಂದು ಡಬ್ಬಿ ಅಥವಾ ಚೀಲ. ಸಂಬಂಧಪಟ್ಟ ಅನುಮತಿ ಪಡೆದ ಮೇಲೆ, ಅರಿವಳಿಕೆಯನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು, ಅಲುಗಾಟ ಪೂರ್ತಿ ನಿಂತ ಮೇಲೆ ತಲೆಯ ಹಿಂದೆ ಬೆನ್ನುಹುರಿ ಕತ್ತರಿಸಿ. ಅರಿವಳಿಕೆಯ ನೀರನ್ನು ಚೆಲ್ಲಬೇಡಿ. ಮೈಯಿಂದ ಉದುರಿದ ಹುಳುಗಳು ಅದರ ತಳದಲ್ಲಿರುತ್ತವೆ, ಅವೂ ಆ ಮೀನಿನ ಲೆಕ್ಕಕ್ಕೇ ಸೇರಬೇಕು.

ಉದ್ದ, ತೂಕ ಬರೆದುಕೊಂಡು ಹೊರಗಿನಿಂದ ಒಳಕ್ಕೆ ಹೋಗಿ. ಮೈ ಮತ್ತು ರೆಕ್ಕೆಗಳನ್ನು ನೋಡಿ, ಲೋಳೆಯನ್ನು ಗಾಜಿನ ಪಟ್ಟಿಯ ಅಂಚಿನಿಂದ ಕೆರೆದು ಹಸಿಯಾಗಿಯೇ ಪರೀಕ್ಷಿಸಿ. ಕಿವಿರಿನ ಕಮಾನುಗಳನ್ನು ಒಂದೊಂದಾಗಿ ಬಿಡಿಸಿ, ಲೀಟರಿಗೆ 7 ಗ್ರಾಂ ಉಪ್ಪು ಕರಗಿಸಿದ ನೀರಿನ ಬೇರೆ ಬೇರೆ ತಟ್ಟೆಗಳಲ್ಲಿಡಿ. ಕಿವಿರಿನ ಎಳೆಗಳ ನಡುವೆ ಅಂಟಿಕೊಂಡ ಏಕಾತಿಥೇಯ ಹುಳುಗಳು (ನಡುವೆ ಬೇರೆ ಆತಿಥೇಯ ಬೇಡದವು) ಬಾಚಣಿಗೆಯಲ್ಲಿ ಬಾಚುವಂತೆ ಸೂಜಿಯಿಂದ ಎಳೆ ಎಳೆಯಾಗಿ ಬಿಡಿಸಿದರಷ್ಟೇ ಕಾಣುತ್ತವೆ. ಕಣ್ಣನ್ನು ತೆಗೆದು ಮಸೂರ, ಗಾಜುರಸ, ಅಕ್ಷಿಪಟಗಳನ್ನು ಪ್ರತ್ಯೇಕವಾಗಿ ನೋಡಿ. ಹೊಟ್ಟೆಯನ್ನು ಗುದದ್ವಾರದಿಂದ ಮುಂದಕ್ಕೆ, ಕತ್ತರಿಯ ತುದಿ ಕರುಳಿಗೆ ತಾಗದಂತೆ ಕತ್ತರಿಸಿ. ಕರುಳು ಒಮ್ಮೆ ತೂತಾದರೆ ಒಳಗಿದ್ದ ಹುಳು ಹೊಟ್ಟೆಯ ಪೊಳ್ಳಿನಲ್ಲಿತ್ತೆಂದು ದಾಖಲಾಗುತ್ತದೆ. ಯಕೃತ್ತು, ಮೂತ್ರಪಿಂಡ, ಮಾಂಸದ ತುಂಡುಗಳನ್ನು ಎರಡು ದಪ್ಪ ಗಾಜಿನ ಫಲಕಗಳ ನಡುವೆ ತೆಳ್ಳಗೆ ಒತ್ತಿ ಕೆಳಗಿನಿಂದ ಬೆಳಕು ಬಿಟ್ಟರೆ ಕೋಶಗಳು ದುಂಡಗೆ ಎದ್ದು ಕಾಣುತ್ತವೆ.

ಸತ್ತ ಮೀನನ್ನು ಹೊತ್ತುಗಟ್ಟಲೆ ಹಾಗೇ ಇಟ್ಟರೆ ಕೆಲವು ದುಂಡುಹುಳುಗಳು ಕರುಳಿನಿಂದ ಮಾಂಸಕ್ಕೆ ಸರಿಯುತ್ತವೆ, ಚರ್ಮದವು ಬಿಟ್ಟು ಹೋಗುತ್ತವೆ. ಕೊಂದ ಕೂಡಲೇ ನೋಡುವುದೇ ಉತ್ತಮ. ಹೆಪ್ಪುಗಟ್ಟಿಸಿದ ಮೀನಿನಲ್ಲಿ ಕರುಳಿನ ದೊಡ್ಡ ಹುಳುಗಳನ್ನು ಎಣಿಸಬಹುದೇ ಹೊರತು ಚರ್ಮದ ಏಕಕೋಶ ಜೀವಿಗಳ ಆಸೆ ಬಿಡಬೇಕು.

ಹುಳುಗಳನ್ನು ಕಾಪಿಡುವ ವಿಧಾನ ಗುಂಪಿನಿಂದ ಗುಂಪಿಗೆ ಬೇರೆ. ಲಾಡಿಹುಳು, ಚಪ್ಪಟೆ ಹುಳುಗಳನ್ನು ತಣ್ಣನೆಯ ಫಾರ್ಮಲಿನ್‌ಗೆ ಹಾಕಿದರೆ ಮುದುಡಿ ಗುರುತು ಸಿಗದಂತಾಗುತ್ತವೆ. ಕುದಿಯುವ ಹಂತಕ್ಕೆ ಬಂದ ಉಪ್ಪುನೀರನ್ನು ಅವುಗಳ ಮೇಲೆ ಸುರಿದರೆ ಮೈಚಾಚಿದ ಸ್ಥಿತಿಯಲ್ಲೇ ಸಾಯುತ್ತವೆ. ಆಮೇಲೆ ಬಣ್ಣ ಹಾಕುವ ಮಾದರಿಯನ್ನು ಶೇ 70ರ ಆಲ್ಕೋಹಾಲಿಗೆ ಹಾಕಿ. ಮುಳ್ಳುತಲೆ ಹುಳುವನ್ನು ಬರೀ ನೀರಿನಲ್ಲಿ ಫ್ರಿಜ್ಜಿನಲ್ಲಿಟ್ಟರೆ ಕೆಲವು ಗಂಟೆಗಳಲ್ಲಿ, ಕೆಲವೊಮ್ಮೆ ಬೆಳಗಾಗುವುದರೊಳಗೆ, ಮುಳ್ಳಿನ ಸೊಂಡಿಲು ಹೊರಚಾಚುತ್ತದೆ. ಚಾಚದ ಸೊಂಡಿಲಿನ ಕೊಕ್ಕೆಗಳನ್ನು ಎಣಿಸಲಾಗದು, ಎಣಿಸದೆ ಜಾತಿ ಹೇಳಲಾಗದು. ದುಂಡುಹುಳುವಿಗೆ ಬಿಸಿಯಾದ ಶೇ 70ರ ಆಲ್ಕೋಹಾಲ್. ಅದನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕಾಯಿಸಿ, ಉರಿಯ ಹತ್ತಿರ ಖಂಡಿತ ಒಯ್ಯಬೇಡಿ. ಮತ್ತೆ, ಪ್ರತಿ ಜಾಗದಿಂದ ಪ್ರತಿ ಬಗೆಯ ಕೆಲವು ಹುಳುಗಳನ್ನಾದರೂ ಶೇ 95ಕ್ಕಿಂತ ಕಡಿಮೆಯಿಲ್ಲದ ಆಲ್ಕೋಹಾಲಿನಲ್ಲಿ ಡಿಎನ್‌ಎಗಾಗಿ ತೆಗೆದಿಡಿ. ಫಾರ್ಮಲಿನ್ ಡಿಎನ್‌ಎಯನ್ನು ಕೆಡಿಸುತ್ತದೆ.

ಪ್ರಶ್ನೆ: ಎರಡು ಕೆರೆಗಳಲ್ಲೂ ಮೀನಿಗೆ ಸರಾಸರಿ 14 ಹುಳು ಬಂದಿದೆ. ಹಾಗಾದರೆ ಸೋಂಕು ಒಂದೇ ತೆರನಾಗಿದೆ ಅಲ್ಲವೇ?

ಈ ಕಾಲ್ಪನಿಕ ಲೆಕ್ಕ ನೋಡಿ. ಮೊದಲ ಕೆರೆಯ ಹತ್ತು ಮೀನಿನಲ್ಲಿ 0, 0, 0, 0, 1, 1, 2, 3, 3, 130. ಎರಡನೆಯದರಲ್ಲಿ 10, 11, 12, 13, 14, 14, 15, 16, 17, 18. ಎರಡರ ಮೊತ್ತವೂ 140, ಸರಾಸರಿ 14. ಆದರೆ ಮೊದಲನೆಯದರಲ್ಲಿ ಶೇ 60 ಮೀನಿಗೆ ಮಾತ್ರ ಸೋಂಕು, ಮಧ್ಯಾಂಕ 1. ಎರಡನೆಯದರಲ್ಲಿ ಎಲ್ಲಕ್ಕೂ ಸೋಂಕು, ಮಧ್ಯಾಂಕ 14. ಮೀನಿನ ಹುಳುಗಳು ಸಾಮಾನ್ಯವಾಗಿ ಮೊದಲ ಕೆರೆಯ ಬಗೆಯಲ್ಲೇ ಹಂಚಿರುತ್ತವೆ: ಬಹುಪಾಲು ಮೀನಿಗೆ ಕಡಿಮೆ, ಒಂದೆರಡಕ್ಕೆ ವಿಪರೀತ. ಎಣಿಕೆಗಳು ಎಷ್ಟು ಚದುರಿವೆ ಎಂದು ತೋರುವ ವಿಚಲನವರ್ಗವನ್ನು (ವೇರಿಯನ್ಸ್) ಸರಾಸರಿಯಿಂದ ಭಾಗಿಸಿದರೆ ಮೊದಲನೆಯದಕ್ಕೆ 119ರ ಹತ್ತಿರ, ಎರಡನೆಯದಕ್ಕೆ 0.5ರ ಹತ್ತಿರ ಬರುತ್ತದೆ. 1ಕ್ಕಿಂತ ತುಂಬ ಹೆಚ್ಚಿದ್ದರೆ ಹುಳುಗಳು ಕೆಲವೇ ಮೀನುಗಳಲ್ಲಿ ಗುಂಪುಗೂಡಿವೆ ಎಂದು ಅರ್ಥ.

ವರದಿಯಲ್ಲಿ ಸೋಂಕಿತ ಮೀನಿನ ಶೇಕಡಾವಾರು, ಸೋಂಕಿತ ಮೀನಿನಲ್ಲಷ್ಟೇ ಲೆಕ್ಕ ಹಾಕಿದ ಸರಾಸರಿ, ಎಲ್ಲ ಮೀನನ್ನೂ ಸೇರಿಸಿದ ಸರಾಸರಿ, ಈ ಮೂರನ್ನೂ ಬೇರೆ ಬೇರೆಯಾಗಿ ಕೊಡಿ. ಮೇಲಿನ ಮೊದಲ ಕೆರೆಗೆ ಎರಡನೆಯ ಸಂಖ್ಯೆ 23.3, ಮೂರನೆಯದು 14. ಎರಡನ್ನೂ 'ಸರಾಸರಿ' ಎಂದಷ್ಟೇ ಬರೆದ ವರದಿಯನ್ನು ಇನ್ನೊಬ್ಬರು ಹೋಲಿಕೆಗೆ ಬಳಸಲಾರರು. ಸಾಮಾನ್ಯ ಟಿ-ಪರೀಕ್ಷೆ ಇಲ್ಲಿ ಒಗ್ಗುವುದಿಲ್ಲ. ಬೂಟ್‌ಸ್ಟ್ರ್ಯಾಪ್ ವಿಧಾನವನ್ನೋ (ಇದ್ದ ದತ್ತಾಂಶದಿಂದಲೇ ಮತ್ತೆ ಮತ್ತೆ ಮಾದರಿ ತೆಗೆದು ಲೆಕ್ಕ ಹಾಕುವುದು), ಮೀನಿನ ಉದ್ದವನ್ನು ಸೇರಿಸಿಕೊಂಡ ಋಣದ್ವಿಪದ ಮಾದರಿಯನ್ನೋ (ಗುಂಪುಗೂಡಿದ ಎಣಿಕೆಗಳಿಗೆ ಒಗ್ಗುವ ಲೆಕ್ಕ) ಬಳಸಿ. ಪರಾವಲಂಬಿಗಳ ಎಣಿಕೆಗೆಂದೇ ಮಾಡಿದ 'ಕ್ವಾಂಟಿಟೇಟಿವ್ ಪ್ಯಾರಸೈಟಾಲಜಿ' ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಆ 130 ಹುಳುಗಳ ಮೀನನ್ನು 'ಅಪವಾದ' ಎಂದು ಪಟ್ಟಿಯಿಂದ ಕಿತ್ತುಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಕೆರೆಯ ಹುಳುಗಳಲ್ಲಿ ಹತ್ತಿರಹತ್ತಿರ ಶೇ 93 ಅದೊಂದರಲ್ಲೇ ಇವೆ.

ಪ್ರಶ್ನೆ: ಎರಡು ಜಾಗಗಳ ನಡುವಿನ ದೂರವನ್ನು ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆಯಬೇಕೇ, ನದಿಯ ಹರಿವಿನ ಗುಂಟ ಅಳೆಯಬೇಕೇ?

ಎರಡನ್ನೂ ಅಳೆಯಿರಿ. ಯಾವ ದೂರ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ಹುಳುವಿನ ಕೊನೆಯ ಆತಿಥೇಯ ನಿರ್ಧರಿಸುತ್ತದೆ. ಜೀವನಚಕ್ರವೆಲ್ಲ ನೀರಿನಲ್ಲೇ ಮುಗಿಯುವ ಹುಳುವಿಗೆ ಗುಡ್ಡ ದಾಟುವ ದಾರಿಯಿಲ್ಲ. ಅದಕ್ಕೆ ನದಿಯ ಗುಂಟದ ದೂರ, ನಡುವಿನ ಜಲಪಾತ, ಅಣೆಕಟ್ಟುಗಳೇ ಮುಖ್ಯ. ಹಕ್ಕಿಯಲ್ಲಿ ಬಲಿಯುವ ಹುಳುವನ್ನು ನೀರುಕಾಗೆಯೋ ಬಕವೋ ಹೊಟ್ಟೆಯಲ್ಲಿ ಹೊತ್ತು ಇನ್ನೊಂದು ಜಲಾನಯನಕ್ಕೆ ಒಯ್ಯಬಲ್ಲದು. ಅಲ್ಲಿ ನೇರ ಗೆರೆಯೇ ಹೆಚ್ಚು ಅರ್ಥಪೂರ್ಣ. ಅಮೆರಿಕದ ವಾಯವ್ಯ ಭಾಗದ ಸಾಲ್ಮನ್ ಗುಂಪಿನ ಮೀನುಗಳ ಚಪ್ಪಟೆ ಹುಳುಗಳ ಮೇಲೆ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೀರಿನಲ್ಲೇ ಉಳಿಯುವ ಪ್ಲಾಜಿಯೊಪೋರಸ್ ಶಾವಿಯ ಸಂತತಿಗಳು ನದಿಯಿಂದ ನದಿಗೆ ತಳಿಗುಣದಲ್ಲಿ ಸ್ಪಷ್ಟವಾಗಿ ಬೇರೆಯಾಗಿದ್ದವು. ನೆಲದ ಪ್ರಾಣಿಗಳ ಮೂಲಕ ಸಾಗುವ ನ್ಯಾನೊಫೈಟಸ್ ಸಾಲ್ಮಿಂಕೋಲಾದಲ್ಲಿ ಆ ಭೇದ ತೀರ ಕಡಿಮೆಯಿತ್ತು.

ಒಂದೇ ನದಿಯೊಳಗಾದರೆ ದಿಕ್ಕನ್ನೂ ಬರೆದಿಡಿ. ಸರ್ಕೇರಿಯಾಗಳ ಆಯುಸ್ಸು ಒಂದೆರಡು ದಿನ, ಹರಿವು ಅವನ್ನು ಕೆಳಕ್ಕೇ ತಳ್ಳುತ್ತದೆ. ನ್ಯೂಜಿಲೆಂಡಿನ ಮನುಹೆರಿಕಿಯಾ ನದಿಯ ಅಪ್‌ಲ್ಯಾಂಡ್ ಬುಲ್ಲಿ ಮೀನುಗಳಲ್ಲಿ ಮೇಲ್ಮುಖವಾಗಿ ಹೋದಂತೆ ಸೋಂಕು ಇಳಿಯುವುದು ದಾಖಲಾಗಿದೆ.

ಪ್ರಶ್ನೆ: ನಮ್ಮ ಹೊಳೆಯಲ್ಲಿ ಒಂದು ಸ್ಥಳೀಯ ಮೀನು ಅಳಿದುಹೋಗಿದೆ. ಬೇರೆ ನದಿಯಲ್ಲಿ ಅದೇ ಜಾತಿ ಧಾರಾಳವಾಗಿದೆ. ಅಲ್ಲಿಂದ ತಂದು ಬಿಟ್ಟರೆ ಏನು ತೊಂದರೆ? ಜಾತಿ ಒಂದೇ ತಾನೇ?

ಜಾತಿ ಒಂದೇ ಆದರೂ ಹುಳುವಿನ ಎದುರು ಅವುಗಳ ತಾಕತ್ತು ಒಂದೇ ಅಲ್ಲ. ಇದನ್ನು ಕಡೆಗಣಿಸಿದ್ದರಿಂದ ಆದ ಹಾನಿ ಎಷ್ಟು ದೊಡ್ಡದೆಂದರೆ ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು.

ಗೈರೊಡ್ಯಾಕ್ಟಿಲಸ್ ಸಲಾರಿಸ್ ಅರ್ಧ ಮಿಲಿಮೀಟರಿನಷ್ಟು ಉದ್ದದ ಚರ್ಮದ ಹುಳು. ಮರಿ ಹಾಕುವ ಹುಳು ಇದು. ಹೊಟ್ಟೆಯಲ್ಲಿರುವ ಮರಿಯೊಳಗೆ ಮುಂದಿನ ಪೀಳಿಗೆಯ ಭ್ರೂಣ ಆಗಲೇ ಬೆಳೆಯುತ್ತಿರುತ್ತದೆ. ಬಾಲ್ಟಿಕ್ ಸಮುದ್ರಕ್ಕೆ ಸೇರುವ ನದಿಗಳಲ್ಲಿ ಅಟ್ಲಾಂಟಿಕ್ ಸಾಲ್ಮನ್ ಮೀನಿನ ಮೇಲೆ ಇದು ಹಿಂದಿನಿಂದ ಇತ್ತು. ಅಲ್ಲಿನ ಮೀನು ಇದನ್ನು ತಡೆದುಕೊಳ್ಳುತ್ತಿತ್ತು. 1970ರ ದಶಕದಲ್ಲಿ ಬಾಲ್ಟಿಕ್ ಕಡೆಯ ಮೀನುಮರಿಗಳ ಜೊತೆ ಅದು ನಾರ್ವೆಗೆ ಬಂತು, 1975ರಲ್ಲಿ ಮೊದಲು ಪತ್ತೆಯಾಯಿತು. ಅಲ್ಲಿದ್ದದ್ದೂ ಅಟ್ಲಾಂಟಿಕ್ ಸಾಲ್ಮನ್ನೇ. ಆದರೆ ಆ ಮೀನಿನ ಪೂರ್ವಿಕರು ಈ ಹುಳುವನ್ನು ಕಂಡವರಲ್ಲ. ಸೋಂಕು ಹತ್ತಿದ ನದಿಗಳಲ್ಲಿ ಮರಿಗಳು ಮೈತುಂಬ ಹುಳು ಮೆತ್ತಿಕೊಂಡು ಸತ್ತವು. ಸುಮಾರು 50 ನದಿಗಳಿಗೆ ಅದು ಹರಡಿತು. ಪ್ರಯೋಗಾಲಯದಲ್ಲಿ ಎರಡೂ ಕಡೆಯ ಮೀನಿಗೆ ಅದೇ ಹುಳುವನ್ನು ಅಂಟಿಸಿ ನೋಡಿದಾಗ ಬಾಲ್ಟಿಕ್ ಕಡೆಯ ನೇವಾ ನದಿಯ ತಳಿಯಲ್ಲಿ ಹುಳು ಕ್ರಮೇಣ ಕಡಿಮೆಯಾಯಿತು, ನಾರ್ವೆಯ ಆಲ್ಟಾ ತಳಿಯಲ್ಲಿ ಏರುತ್ತಲೇ ಹೋಯಿತು. ಕೊನೆಗೆ ಹಲವು ನದಿಗಳಿಗೆ ರೋಟೆನೋನ್ ಎಂಬ ವಿಷ ಸುರಿದು ಇದ್ದಬದ್ದ ಮೀನನ್ನೆಲ್ಲ ಕೊಂದು ಮತ್ತೆ ಮೊದಲಿನಿಂದ ಸಾಕಬೇಕಾಯಿತು.

ನದಿ ನದಿಗಳ ನಡುವೆ ಮಾತ್ರವಲ್ಲ, ಒಂದೇ ದ್ವೀಪದ ಕೆರೆಗಳ ನಡುವೆಯೂ ಇಂಥ ಭೇದವಿದೆ. ಕೆನಡಾದ ವ್ಯಾಂಕೂವರ್ ದ್ವೀಪದ ಗಾಸ್ಲಿಂಗ್ ಕೆರೆಯ ಸ್ಟಿಕಲ್‌ಬ್ಯಾಕ್ ಮೀನುಗಳಲ್ಲಿ ಸ್ಕಿಸ್ಟೊಸೆಫಾಲಸ್ ಲಾಡಿಹುಳು ಸಾಮಾನ್ಯ. ರಾಬರ್ಟ್ಸ್ ಕೆರೆಯಲ್ಲಿ ಅದು ಅಪರೂಪ. ಅಲ್ಲಿನ ಮೀನು ಹೊಟ್ಟೆಯೊಳಗೆ ನಾರಿನ ಅಂಗಾಂಶ ಬೆಳೆಸಿ ಹುಳುವನ್ನು ಬಿಗಿದು ಅದರ ಬೆಳವಣಿಗೆಯನ್ನು ತಡೆಯುತ್ತದೆ. ಈ ರಕ್ಷಣೆ ಪುಕ್ಕಟೆಯಲ್ಲ, ನಾರುಗಟ್ಟಿದ ಮೀನಿನ ಸಂತಾನಶಕ್ತಿ ಕುಗ್ಗುತ್ತದೆ. ಒಂದು ಕೆರೆಗೆ ಹೊಂದಿಕೊಂಡ ಮೀನನ್ನು ಇನ್ನೊಂದಕ್ಕೆ ಒಯ್ದರೆ ಆ ಲೆಕ್ಕಾಚಾರವೇ ಏರುಪೇರಾಗುತ್ತದೆ.

ಆದ್ದರಿಂದ ಮೊದಲ ಆಯ್ಕೆ ಅದೇ ಜಲಾನಯನದ ಮೇಲ್ಭಾಗದಲ್ಲೋ ಉಪನದಿಯಲ್ಲೋ ಉಳಿದಿರುವ ಮೀನು. ಅದೂ ಇಲ್ಲದಿದ್ದರೆ, ದೊಡ್ಡ ಮೀನನ್ನು ಸಾಗಿಸುವ ಬದಲು ಮೊಟ್ಟೆಯನ್ನು ತಂದು, ಹೊರಮೈ ಶುದ್ಧಮಾಡಿ, ಹೊಳೆಯ ಸಂಪರ್ಕವಿಲ್ಲದ ನೀರಿನಲ್ಲಿ ಮರಿ ಮಾಡುವುದು ಮೇಲು. ಚರ್ಮದ ಹುಳು, ಕರುಳಿನ ಹುಳು, ಮಾಂಸದ ಕೋಶಗಳು ಮೊಟ್ಟೆಯೊಳಗೆ ಕುಳಿತು ಬರುವುದಿಲ್ಲ. ಕೆಲವು ವೈರಸ್‌ಗಳು ಬರಬಲ್ಲವು, ಅದಕ್ಕೆ ತಾಯಿಮೀನಿನ ಪರೀಕ್ಷೆ ಬೇಕು. ಸಾಲ್ಮನ್ ಗುಂಪಿನ ಮೊಟ್ಟೆಗೆ ದಶಲಕ್ಷಕ್ಕೆ 100 ಭಾಗ ಅಯೋಡಿನ್ ಇರುವ ಅಯೋಡೋಫೋರ್ ದ್ರಾವಣದಲ್ಲಿ 10 ನಿಮಿಷ ಎಂಬುದು ರೂಢಿ. ಬೇರೆ ಜಾತಿಯಾದರೆ ಮೊದಲು ಕೆಲವೇ ಮೊಟ್ಟೆಗಳ ಮೇಲೆ ಪ್ರಯೋಗಿಸಿ. ಮೀನನ್ನು ಪ್ರತ್ಯೇಕ ತೊಟ್ಟಿಯಲ್ಲಿಟ್ಟು ಉಪ್ಪುನೀರಿನ ಸ್ನಾನ ಮಾಡಿಸಿದರೆ ಸಾಕೆಂಬ ನಂಬಿಕೆ ಅಪಾಯಕಾರಿ. ಅದು ಹೊರಮೈಯ ಕೆಲವನ್ನು ಉದುರಿಸಬಹುದು, ಕಣ್ಣು ಮತ್ತು ಮಾಂಸದೊಳಗಿನ ಕೋಶಗಳಿಗೆ ತಾಗುವುದೇ ಇಲ್ಲ. ಸಾಗಿಸಿದ ನೀರನ್ನು ಹೊಳೆಗೆ ಚೆಲ್ಲಬೇಡಿ, ಬಲೆ ಮತ್ತು ಬೂಟುಗಳನ್ನು ಎರಡು ದಿನವಾದರೂ ಪೂರ್ತಿ ಒಣಗಿಸದೆ ಇನ್ನೊಂದು ಹೊಳೆಗೆ ಇಳಿಸಬೇಡಿ.

ಪ್ರಶ್ನೆ: ಹೊರಗಿನ ಮೀನು ಬಂದ ಮೇಲೆ ಸ್ಥಳೀಯ ಮೀನಿನ ಹುಳು ಹೆಚ್ಚುತ್ತವೆಯೋ, ಕಡಿಮೆಯಾಗುತ್ತವೆಯೋ?

ಎರಡೂ ಕಂಡುಬಂದಿದೆ. 1934ರಲ್ಲಿ ಜಪಾನಿನ ಒಂದು ಮೀನಿನಿಂದ ವಿವರಿಸಲಾದ ಏಷ್ಯಾದ ಮೀನು ಲಾಡಿಹುಳು ಹುಲ್ಲುಗೆಂಡೆಯ ಜೊತೆ ಲೋಕವೆಲ್ಲ ಸುತ್ತಿ, ಈಗ 200ಕ್ಕೂ ಹೆಚ್ಚು ಜಾತಿಯ ಮೀನುಗಳಲ್ಲಿ ಸಿಕ್ಕಿದೆ. ಸೈಕ್ಲಾಪ್ಸ್ ಎಲ್ಲೆಡೆ ಇರುವುದರಿಂದ ಅದಕ್ಕೆ ನಡುವಿನ ಆತಿಥೇಯರ ಕೊರತೆಯೇ ಇಲ್ಲ. 25 ಡಿಗ್ರಿ ಸೆಲ್ಸಿಯಸ್ ಮೇಲಿನ ನೀರಿನಲ್ಲಿ ಬೇಗ ಬೆಳೆಯುತ್ತದೆ. ಇನ್ನೊಂದು ಬಗೆಯಲ್ಲಿ, ಹೊರಗಿನ ಮೀನು ಸ್ಥಳೀಯ ಹುಳುವನ್ನು ನುಂಗಿಯೂ ಅದು ಬಲಿಯಲು ಬಿಡದಿದ್ದರೆ ಸರಪಳಿ ಅಲ್ಲಿಗೆ ತುಂಡಾಗಿ ಸ್ಥಳೀಯ ಮೀನಿಗೆ ಹುಳು ಕಡಿಮೆಯಾಗಬಹುದು. ನಿಮ್ಮ ನೀರಿನಲ್ಲಿ ಯಾವುದು ನಡೆಯುತ್ತಿದೆ ಎಂದು ತಿಳಿಯಲು ಹೊರಗಿನ ಮೀನನ್ನೂ ಸೀಳಿ, ಅದರೊಳಗಿನ ಹುಳುಗಳಲ್ಲಿ ಮೊಟ್ಟೆಯಿದೆಯೇ ನೋಡಿ. ಹುಳು ಸಿಕ್ಕಿತು ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ.

ಪ್ರಶ್ನೆ: ಒಂದು ಹೊಂಡದ ಮೀನಿನ ಮೈಮೇಲೆ ಮಾತ್ರ ಕರಿ ಚುಕ್ಕೆಗಳಿವೆ. ತಿನ್ನಬಹುದೇ?

ಗಸಗಸೆ ಗಾತ್ರದ, ಚರ್ಮದಲ್ಲಿ ಹೂತ ಚುಕ್ಕೆಗಳಾದರೆ ಅವು ಹಕ್ಕಿಯಲ್ಲಿ ಬಲಿಯುವ ಚಪ್ಪಟೆ ಹುಳುವಿನ ಕೋಶಗಳು. ಮೀನೇ ಅದರ ಸುತ್ತ ಕಪ್ಪು ಬಣ್ಣ ತುಂಬಿಸಿರುತ್ತದೆ. ಇವುಗಳಿಂದ ಮನುಷ್ಯರಿಗೆ ಕಾಯಿಲೆ ಬರುವುದಿಲ್ಲ. ಆದರೆ ಚುಕ್ಕೆಯಿಲ್ಲದ ಮೀನು ಸುರಕ್ಷಿತ ಎಂದುಕೊಳ್ಳಬೇಡಿ. ಮನುಷ್ಯರ ಪಿತ್ತನಾಳಕ್ಕೆ ಸೇರುವ ಯಕೃತ್ತಿನ ಹುಳುಗಳ ಕೋಶಗಳು ಗೆಂಡೆ ಕುಟುಂಬದ ಮೀನಿನ ಮಾಂಸದಲ್ಲಿ ಕಣ್ಣಿಗೆ ಕಾಣದಂತೆ ಇರುತ್ತವೆ, ಅವೂ ಎಲ್ಲ ಪ್ರದೇಶಗಳಲ್ಲಿ ಇಲ್ಲ. ತುಂಡಿನ ನಡುಭಾಗ 63 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಬೇಯಿಸಿದರೆ ಭಯವಿಲ್ಲ. ಹಸಿಯಾಗಿ ತಿನ್ನುವ ಮೀನನ್ನು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಬೇಕು. ಉಪ್ಪು, ಹುಳಿರಸ ಹಚ್ಚಿಟ್ಟರೆ ಹುಳು ಸಾಯುತ್ತದೆ ಎಂದು ನಂಬಬೇಡಿ.

ಪ್ರಶ್ನೆ: ಎರಡು ನದಿಗಳ ಮೀನಿನ ಕಣ್ಣಿನಲ್ಲಿ ಸಿಕ್ಕ ಹುಳುಗಳು ನೋಡಲು ಒಂದೇ. ಒಂದೇ ಹೆಸರು ಬರೆಯಲೇ?

ಬರೆಯಬೇಡಿ. ಡಿಪ್ಲೊಸ್ಟೋಮಮ್ ಮರಿಹುಳುಗಳಲ್ಲಿ ಜಾತಿ ಗುರುತಿಸುವಷ್ಟು ಅಂಗಗಳೇ ಬೆಳೆದಿರುವುದಿಲ್ಲ. ಒಂದೇ ಎಂದು ತಿಳಿದವು ಡಿಎನ್‌ಎ ಓದಿದಾಗ ಹಲವು ಜಾತಿಗಳಾಗಿ ಒಡೆದದ್ದು ಈ ಗುಂಪಿನಲ್ಲಿ ಪದೇ ಪದೇ ಆಗಿದೆ. ಜಾಗಕ್ಕೆ ಕೆಲವು ಹುಳುಗಳ ಸಿಒಐ ಜೀನ್ (ಜಾತಿ ಗುರುತಿಸಲು ಬಳಸುವ ಡಿಎನ್‌ಎ ತುಣುಕು) ಓದಿಸಿ, ಅಲ್ಲಿಯವರೆಗೆ 'ಡಿಪ್ಲೊಸ್ಟೋಮಮ್ ಜಾತಿ 1, ಮಸೂರ' ಎಂಬಂತೆ ಅಂಗವನ್ನೂ ಸೇರಿಸಿ ಬರೆದಿಡಿ. ಮಸೂರದ್ದನ್ನೂ ಅಕ್ಷಿಪಟದ್ದನ್ನೂ ಒಂದೇ ಸೀಸೆಗೆ ಹಾಕಬೇಡಿ. ಸೀಸೆಯೊಳಗಿನ ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಿರಿ, ಆಲ್ಕೋಹಾಲಿಗೆ ಪೆನ್ನಿನ ಶಾಯಿ ಅಳಿಸಿಹೋಗುತ್ತದೆ.